ಹತ್ತು ನಿಮಿಷದ ಲೇಸರ್, ಆರು ತಿಂಗಳ ಕಣ್ಣು

ಕನ್ನಡಕ ಬಿಡಬೇಕೆಂದು ಹೊರಟಿರುವ ತಂಗಿಯರೇ, ತಮ್ಮಂದಿರೇ,



ಕಳೆದ ವರ್ಷ ಅಕ್ಕನ ಮಗಳ ಜೊತೆ ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಗೆ ಹೋಗಿದ್ದೆ. ಲೇಸರ್ ವಿಭಾಗದ ಮುಂದೆ ನಿಮ್ಮಂಥವರೇ ಹದಿನೈದು ಇಪ್ಪತ್ತು ಮಂದಿ ಕೂತಿದ್ದರು. ಮದುವೆ ಗೊತ್ತಾಗಿದ್ದ ಹುಡುಗಿ, ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದ ಹುಡುಗ, ಕಂಪ್ಯೂಟರ್ ಕೆಲಸದವರು ನಾಲ್ಕೈದು ಜನ. ಎಲ್ಲರ ಬಾಯಲ್ಲೂ ಎರಡೇ ಪ್ರಶ್ನೆ: ಎಷ್ಟಾಗುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ. ‘ಹತ್ತೇ ನಿಮಿಷವಂತೆ’ ಎಂದು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುತ್ತಿದ್ದರು. ಆ ಹತ್ತು ನಿಮಿಷ ನಿಜ. ಆಮೇಲಿನ ದಿನಗಳು ಹೇಗಿರುತ್ತವೆ ಎಂದು ಮಾತ್ರ ಯಾರೂ ಕೇಳಲಿಲ್ಲ. 2011ರಲ್ಲಿ ಲೇಸರ್ ಮಾಡಿಸಿಕೊಂಡಾಗ ನಾನೂ ಕೇಳಿರಲಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ವೈದ್ಯೆಯಲ್ಲ, ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಐದನೇ ತರಗತಿಯಲ್ಲಿ ಮೂಗಿನ ಮೇಲೆ ಕೂತ ಕನ್ನಡಕ ಇಪ್ಪತ್ತಾರನೇ ವಯಸ್ಸಿನ ಹೊತ್ತಿಗೆ ಎರಡೂ ಕಣ್ಣಿಗೆ ಮೈನಸ್ ಐದೂವರೆಗೆ ಬಂದು ನಿಂತಿತ್ತು. ಬೆಳಿಗ್ಗೆ ಎದ್ದರೆ ದಿಂಬಿನ ಪಕ್ಕ ತಡಕಾಡುವುದು, ಶಿವಮೊಗ್ಗದ ಮಳೆಯಲ್ಲಿ ಗಾಜಿನ ತುಂಬ ಹನಿ ಹೊತ್ತು ನಡೆಯುವುದು, ಬಿಸಿ ಅನ್ನ ಬಡಿಸುವಾಗ ಹಬೆಗೆ ಕುರುಡಾಗುವುದು ನಿಮಗೂ ಗೊತ್ತಿರುವ ಸಂಗತಿಗಳೇ. ಅವುಗಳಿಂದ ಬಿಡುಗಡೆ ಬೇಕೆಂಬ ನಿಮ್ಮ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ಆ ಬಿಡುಗಡೆ ನನಗೂ ಸಿಕ್ಕಿತು, ಸಿಕ್ಕಿದ್ದಕ್ಕೆ ಇವತ್ತಿಗೂ ಸಂತೋಷವಿದೆ. ಸಿಗುವ ಮೊದಲು ನಾನು ಪಟ್ಟ ಭಯದ ಬಹುಪಾಲು ಗೊತ್ತಿಲ್ಲದ್ದರಿಂದ ಬಂದದ್ದು. ಅದು ನಿಮಗೆ ಬೇಡ.

ಮೊದಲು ಕಣ್ಣಿಗೆ ಏನು ಮಾಡುತ್ತಾರೆ ಎನ್ನುವುದು ತಿಳಿದಿರಲಿ, ಆಗ ಮುಂದಿನದೆಲ್ಲ ಅರ್ಥವಾಗುತ್ತದೆ. ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನ ಹಾಗಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ನಡುವಿನಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಪವರ್ ಇಳಿಸಲು ಲೇಸರ್ ತಿದ್ದುವುದು ಇದನ್ನೇ. ಲ್ಯಾಸಿಕ್‌ನಲ್ಲಿ ಮೇಲಿನ ತೆಳುಪದರವನ್ನು ಪುಸ್ತಕದ ಹಾಳೆಯಂತೆ ಒಂದು ಬದಿಗೆ ಮಗುಚಿ, ಅಡಿಯ ಭಾಗವನ್ನು ಲೇಸರ್‌ನಿಂದ ಸವೆಸಿ, ಹಾಳೆಯನ್ನು ಮತ್ತೆ ಮುಚ್ಚುತ್ತಾರೆ. ಹೊಲಿಗೆ ಇರುವುದಿಲ್ಲ. ಸ್ಮೈಲ್ ಎಂಬ ಇನ್ನೊಂದು ವಿಧಾನದಲ್ಲಿ ಎರಡರಿಂದ ನಾಲ್ಕು ಮಿಲಿಮೀಟರ್ ಸೀಳಿನ ಮೂಲಕ ಒಳಗಿನಿಂದ ಒಂದು ತೆಳು ಬಿಲ್ಲೆಯನ್ನು ಹೊರತೆಗೆಯುತ್ತಾರೆ. ನನ್ನದು ಮೂರನೆಯದು, ಪಿಆರ್‌ಕೆ. ಕಾರ್ನಿಯಾ ತೆಳುವಾಗಿದೆ, ಹಾಳೆ ಬಿಡಿಸುವುದು ಬೇಡ ಎಂದು ಡಾಕ್ಟರು ನಿರ್ಧರಿಸಿದರು. ಇದರಲ್ಲಿ ಕಾರ್ನಿಯಾದ ಹೊರಚರ್ಮವನ್ನೇ ಸವರಿ ತೆಗೆದು, ಮೇಲಿಂದ ಲೇಸರ್ ಹಾಯಿಸುತ್ತಾರೆ. ಆ ಚರ್ಮ ಹೊಸದಾಗಿ ಬೆಳೆಯುವವರೆಗೆ ಗಾಯದ ಮೇಲೆ ಪಟ್ಟಿಯಂತೆ ಒಂದು ಕಾಂಟ್ಯಾಕ್ಟ್ ಲೆನ್ಸ್ ಕೂರಿಸಿರುತ್ತಾರೆ.

ಲೇಸರ್ ಓಡುವಾಗ ಕೂದಲು ಸುಟ್ಟಂಥ ವಾಸನೆ ಬರುತ್ತದೆ. ನನಗೆ ಯಾರೂ ಹೇಳಿರಲಿಲ್ಲ, ಕಣ್ಣೇ ಸುಟ್ಟುಹೋಯಿತು ಎಂದು ಮೇಜಿನ ಮೇಲೆ ಬೆವತುಹೋದೆ. ಅಲ್ಲಿ ಸುಡುವುದು ಏನೂ ಇಲ್ಲ. ಅದು ಕಣ್ಣಿಗೆ ಕಾಣದ ಅತಿನೇರಳೆ ಬೆಳಕು. ಸುತ್ತಲ ಭಾಗವನ್ನು ಬಿಸಿ ಮಾಡದೆ, ಬಿದ್ದ ಜಾಗದ ಅಣುಗಳ ಬೆಸುಗೆಯನ್ನಷ್ಟೇ ಬಿಡಿಸುತ್ತದೆ. ಹೀಗಾಗುತ್ತದೆಂದು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡ ಮೂವರಲ್ಲಿ ಒಬ್ಬರು ಮದರಾಸು ವಿಶ್ವವಿದ್ಯಾಲಯದಲ್ಲಿ ಓದಿದ್ದ ರಂಗಸ್ವಾಮಿ ಶ್ರೀನಿವಾಸನ್. ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ತಂದು ಅದರ ಮೇಲೆ ಮೊದಲು ಪರೀಕ್ಷಿಸಿದ್ದರಂತೆ. ಈ ಕಥೆ ಮೊದಲೇ ಗೊತ್ತಿದ್ದರೆ ಆ ಒಂದು ನಿಮಿಷವನ್ನು ನಾನು ನೆಮ್ಮದಿಯಾಗಿ ಕಳೆಯುತ್ತಿದ್ದೆ.

ಆಪರೇಷನ್ ಮುಗಿಸಿ ನಾನೂ ಅಮ್ಮನೂ ಬೆಂಗಳೂರಿನ ರಾಜಾಜಿನಗರದ ದೊಡ್ಡಮ್ಮನ ಮನೆಗೆ ಬಂದೆವು. ಮೊದಲ ಸಂಜೆ ಪರವಾಗಿಲ್ಲ ಅನ್ನಿಸಿತು. ಎರಡನೇ ದಿನ ಮಧ್ಯಾಹ್ನದಿಂದ ಶುರುವಾಯಿತು ನೋಡಿ. ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣು ಮುಟ್ಟಿಕೊಂಡ ಹಾಗೆ ಉರಿ, ಅದರ ಮೇಲೆ ಮರಳು ಹಾಕಿ ತಿಕ್ಕಿದ ಹಾಗೆ ಚುಚ್ಚು. ರೆಪ್ಪೆ ತೆರೆದರೆ ದಳದಳ ನೀರು. ಕಿಟಕಿಯ ಸಂದಿಯಿಂದ ಬರುವ ಬೆಳಕೂ ತಡೆಯಲಾಗುತ್ತಿರಲಿಲ್ಲ. ದೊಡ್ಡಮ್ಮ ಕಿಟಕಿಗೆ ಜಮಖಾನ ಇಳಿಬಿಟ್ಟರು, ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವುದನ್ನೇ ಬಿಟ್ಟರು. ಆಪರೇಷನ್ ಹೊತ್ತಿನಲ್ಲಿ ಹಾಕಿದ ಮರಗಟ್ಟಿಸುವ ಹನಿ ಕೊಟ್ಟುಬಿಡಿ ಎಂದು ಆಸ್ಪತ್ರೆಗೆ ಫೋನ್ ಮಾಡಿ ಅಂಗಲಾಚಿದೆ. ಕೊಡಲಿಲ್ಲ. ಆ ಹನಿಯನ್ನು ಮತ್ತೆ ಮತ್ತೆ ಹಾಕಿದರೆ ಗಾಯ ಮಾಯುವುದೇ ನಿಂತುಹೋಗುತ್ತದೆ ಎನ್ನುವುದು ಆಮೇಲೆ ತಿಳಿಯಿತು. ನುಂಗಲು ಕೊಟ್ಟ ನೋವಿನ ಮಾತ್ರೆ, ತಣ್ಣಗಿನ ಕಣ್ಣಿನ ಹನಿ, ಕತ್ತಲೆ ಕೋಣೆ, ನಿದ್ದೆ, ಇಷ್ಟರಲ್ಲೇ ಎರಡು ರಾತ್ರಿ ಕಳೆದವು. ಐದನೇ ದಿನ ಲೆನ್ಸ್ ತೆಗೆದರು. ನೋವು ಹೋಗಿತ್ತು. ನೋಟ ಮಾತ್ರ ಎಣ್ಣೆ ಸವರಿದ ಗಾಜಿನಾಚೆ ನೋಡಿದಂತಿತ್ತು.

ನನಗೆ ಆಪರೇಷನ್ ಆದ ದಿನವೇ ಲ್ಯಾಸಿಕ್ ಮಾಡಿಸಿಕೊಂಡಿದ್ದ ಹುಡುಗನೊಬ್ಬ ಮರುದಿನವೇ ಗೋಡೆಯ ಮೇಲಿನ ಕೊನೆಯ ಸಾಲು ಓದುತ್ತಿದ್ದ. ಅವನನ್ನು ಕಂಡು ನನ್ನದು ಕೆಟ್ಟಿತು ಎಂದೇ ತೀರ್ಮಾನಿಸಿ ಅತ್ತೆ. ಕೆಟ್ಟಿರಲಿಲ್ಲ. ಹಾಳೆ ಮುಚ್ಚಿದ ಕಣ್ಣು ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ, ಚರ್ಮ ಬೆಳೆಯಬೇಕಾದ ಕಣ್ಣಿಗೆ ವಾರಗಳು ಬೇಕು. ಎರಡು ವಾರದ ಮೇಲೆ ಶಾಲೆಗೆ ಹೋದಾಗ ಹಿಂದಿನ ಬೆಂಚಿನಿಂದ ಹಲಗೆ ನೋಡಿದರೆ 3 ಯಾವುದು 8 ಯಾವುದು ತಿಳಿಯುತ್ತಿರಲಿಲ್ಲ. ನಾನೇ ಬರೆದ ಅಂಕಿಗಳು. ದಿನಾ ತರಗತಿ ಮುಗಿದ ಮೇಲೆ ಅಲ್ಲಿ ಹೋಗಿ ನಿಂತು ನೋಡುತ್ತಿದ್ದೆ. ಆರನೇ ವಾರದಲ್ಲಿ 8ರ ಎರಡು ಸುತ್ತು ಬೇರೆಬೇರೆ ಕಂಡವು. ಮೂರನೇ ತಿಂಗಳಲ್ಲಿ ಹಲಗೆ ಸರಿಯಾಗಿ ಒರೆಸದೆ ಉಳಿದ ಸೀಮೆಸುಣ್ಣದ ಗೀರೂ ಕಂಡಿತು.

ಈ ವ್ಯತ್ಯಾಸವನ್ನು ನನಗೆ ಯಾರೂ ಹೇಳಲಿಲ್ಲವೆಂದರೆ ತಪ್ಪಾಗುತ್ತದೆ. ಸಹಿ ಮಾಡಿಸಿಕೊಂಡ ಕಾಗದದಲ್ಲಿ ಎಲ್ಲವೂ ಇತ್ತು. ನಾಲ್ಕು ಪುಟ ಇಂಗ್ಲಿಷು, ಸಣ್ಣಕ್ಷರ, ನನ್ನ ಸರದಿ ಬಂದಿದೆ ಎಂದು ಕರೆಯುತ್ತಿದ್ದ ದನಿ. ಓದದೆ ಸಹಿ ಹಾಕಿದೆ. ನೀವು ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆ ಕಾಗದವನ್ನು ಹಿಂದಿನ ದಿನವೇ ಕೇಳಿ ಮನೆಗೆ ತನ್ನಿ. ಕನ್ನಡದಲ್ಲಿ ಕೊಡಿ ಎನ್ನಿ. ಇಲ್ಲವೆಂದರೆ ಕೂತು ವಿವರಿಸಿ ಎನ್ನಿ. ನನಗೆ ಮಾಡುವುದು ಯಾವ ವಿಧಾನ, ಏಕೆ, ಎಷ್ಟು ದಿನ ನೋವು, ಯಾವಾಗಿನಿಂದ ಗಾಡಿ ಓಡಿಸಬಹುದು, ರಾತ್ರಿ ಹೆಚ್ಚುಕಡಿಮೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟಕ್ಕೆ ಉತ್ತರ ಸಿಗದೆ ಒಳಗೆ ಹೋಗಬೇಡಿ. ರೈಲ್ವೆ, ಪೊಲೀಸ್, ಸೇನೆಯ ಭರ್ತಿಗಾಗಿ ಮಾಡಿಸುವವರು ಆಯಾ ಇಲಾಖೆಯ ವೈದ್ಯಕೀಯ ನಿಯಮವನ್ನು ಮೊದಲು ಓದಿ. ಲೇಸರ್ ಮಾಡಿಸಿಕೊಂಡವರನ್ನು ತೆಗೆದುಕೊಳ್ಳದ ಹುದ್ದೆಗಳೂ ಇವೆ.

ಇನ್ನು ಲ್ಯಾಸಿಕ್ ಮಾಡಿಸಿಕೊಳ್ಳುವವರಿಗೆ. ನಿಮಗೆ ನನ್ನಷ್ಟು ನೋವಿರುವುದಿಲ್ಲ. ಮೊದಲ ನಾಲ್ಕಾರು ಗಂಟೆ ಉರಿ, ನೀರು, ಕಣ್ಣಲ್ಲಿ ಕಸ ಬಿದ್ದಂಥ ಕಿರಿಕಿರಿ. ಕಣ್ಣು ಮುಚ್ಚಿ ಮಲಗಿಬಿಡಿ, ಎದ್ದಾಗ ಬಹಳಷ್ಟು ಹೋಗಿರುತ್ತದೆ. ಬಿಳಿಗುಡ್ಡೆಯಲ್ಲಿ ರಕ್ತದ ಕೆಂಪು ಮಚ್ಚೆ ಕಂಡರೆ ಹೆದರಬೇಡಿ. ಆಪರೇಷನ್ ವೇಳೆ ಕಣ್ಣನ್ನು ಅದುಮಿ ಹಿಡಿದ ಗುರುತು ಅದು, ಎರಡು ಮೂರು ವಾರದಲ್ಲಿ ತಾನಾಗಿ ಕರಗುತ್ತದೆ. ನಿಮ್ಮ ನಿಜವಾದ ಅಪಾಯ ಬೇಗ ಕಾಣಿಸಿಬಿಡುವುದರಲ್ಲೇ ಇದೆ. ಮರುದಿನ ಕಂಡಿತು ಎಂದು ಕಣ್ಣು ವಾಸಿಯಾಯಿತು ಎಂದುಕೊಳ್ಳುತ್ತೀರಿ.

ಅಕ್ಕನ ಮಗಳ ಕಥೆ ಅದೇ. ಶುಕ್ರವಾರ ಲ್ಯಾಸಿಕ್, ಶನಿವಾರ ತಪಾಸಣೆ, 6/6 ದೃಷ್ಟಿ, ಸೋಮವಾರ ಆಫೀಸು. ಎರಡು ವಾರ ಹನಿ ಹಾಕಿಕೊಂಡಳು. ಚೆನ್ನಾಗಿ ಕಾಣುತ್ತಿದೆಯಲ್ಲ, ಇನ್ನು ಯಾಕೆ ಎಂದು ಮೂರನೇ ವಾರ ಬಿಟ್ಟಳು. ನಾಲ್ಕನೇ ವಾರ ನನಗೆ ಫೋನು: ‘ಚಿಕ್ಕಮ್ಮ, ಬೆಳಿಗ್ಗೆ ಚೆನ್ನಾಗಿ ಕಾಣುತ್ತೆ, ಸಂಜೆ ಹೊತ್ತಿಗೆ ಸ್ಕ್ರೀನ್ ಮೇಲೆ ಅಕ್ಷರ ಎರಡೆರಡು. ಪವರ್ ವಾಪಸ್ ಬಂತು ಅನ್ಸುತ್ತೆ.’ ಪವರ್ ಬಂದಿರಲಿಲ್ಲ. ಕಣ್ಣು ಒಣಗಿತ್ತು.

ಹೀಗೇಕೆ ಆಗುತ್ತದೆ ಎಂದರೆ, ಹಾಳೆ ಬಿಡಿಸುವಾಗ ಕಾರ್ನಿಯಾದ ನರತಂತುಗಳೂ ತುಂಡಾಗುತ್ತವೆ. ಕಣ್ಣು ಒಣಗಿದೆ, ನೀರು ಬೇಕು ಎಂದು ಸುದ್ದಿ ಮುಟ್ಟಿಸುವುದು ಅವೇ. ಅವು ಚೇತರಿಸಿಕೊಳ್ಳಲು ಹಲವು ತಿಂಗಳು ಹಿಡಿಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಕಣ್ಣಿಗೆ ತನ್ನ ಬಾಯಾರಿಕೆ ತನಗೇ ತಿಳಿಯುವುದಿಲ್ಲ. ಎಸಿ ಗಾಳಿಯಲ್ಲಿ, ರೆಪ್ಪೆ ಬಡಿಯುವುದನ್ನೂ ಮರೆತು ಪರದೆ ನೋಡುತ್ತ ಕೂತರೆ ಸಂಜೆಗೆ ಮಂಜಾಗದೆ ಇನ್ನೇನು? ಡಾಕ್ಟರು ಅವಳಿಗೆ ಹೊಸ ಔಷಧ ಏನೂ ಬರೆಯಲಿಲ್ಲ. ಬಿಟ್ಟಿದ್ದ ತೇವದ ಹನಿಯನ್ನೇ ಮತ್ತೆ ಹಾಕಿ, ಇಪ್ಪತ್ತು ನಿಮಿಷಕ್ಕೊಮ್ಮೆ ಪರದೆಯಿಂದ ಕಣ್ಣೆತ್ತಿ ದೂರ ನೋಡಿ, ರೆಪ್ಪೆ ಬಡಿಯಿರಿ ಎಂದರು. ಆರನೇ ತಿಂಗಳಿಗೆ ಸರಿಹೋಯಿತು. ಹೀಗೆ ನೋಟ ಏರಿಳಿಯುವ ದಿನಗಳು ಬಂದೇ ಬರುತ್ತವೆ ಎಂದು ತಿಳಿದೇ ಹೋಗಿ. ಬಿಡುವಿದ್ದರೆ ಲ್ಯಾಸಿಕ್‌ಗೆ ಒಂದು ವಾರ, ಪಿಆರ್‌ಕೆಗೆ ಹತ್ತು ದಿನಕ್ಕೆ ಕಡಿಮೆಯಿಲ್ಲದ ರಜೆ ತೆಗೆದುಕೊಳ್ಳಿ.

ರಾತ್ರಿಯ ಬೆಳಕಿನ ವಿಷಯವನ್ನೂ ಹೇಳಬೇಕು. ಮೊದಲ ವಾರಗಳಲ್ಲಿ ಬೀದಿದೀಪದ ಸುತ್ತ ಬಳೆ ಕಟ್ಟಿದ ಹಾಗೆ, ಎದುರು ಬರುವ ಲಾರಿಯ ದೀಪದಿಂದ ಕಡ್ಡಿ ಕಡ್ಡಿಯಾಗಿ ಬೆಳಕು ಸಿಡಿದ ಹಾಗೆ ಕಾಣುತ್ತದೆ. ಬಹುಪಾಲು ಜನರಿಗೆ ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ. ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ. ನನ್ನ ಎಡಗಣ್ಣಿಗೆ ಈಗಲೂ ಅಷ್ಟಿಷ್ಟು ಇದೆ. ರಾತ್ರಿ ಗಾಡಿ ಓಡಿಸುವುದೇ ಜೀವನೋಪಾಯವಾದವರು ಇದನ್ನು ಡಾಕ್ಟರ ಮುಂದೆ ಬಿಚ್ಚಿ ಮಾತಾಡಿದ ಮೇಲೆಯೇ ನಿರ್ಧಾರ ಮಾಡಲಿ. ಮಿಕ್ಕವರು ದೀಪಗಳು ತಿಳಿಯಾಗುವವರೆಗೆ ರಾತ್ರಿ ಹೆದ್ದಾರಿಗೆ ಇಳಿಯಬೇಡಿ.

ಇಲ್ಲಿ ನನ್ನ ಅಜ್ಜಿಯ ಮಾತು ತರುತ್ತೇನೆ. ಊರೂರಿಗೆ ಹೋಗಿ ಸಾವಿರಾರು ಜನರ ಕಣ್ಣಿನ ಪೊರೆ ತೆಗೆದ ಡಾ. ಎಂ.ಸಿ. ಮೋದಿಯವರ ಶಿಬಿರದಲ್ಲಿ ಅಜ್ಜಿಗೂ ಆಪರೇಷನ್ ಆಗಿತ್ತು. ಅಮ್ಮ ಹೇಳುವಂತೆ, ಮನೆಗೆ ಬಂದ ಮೇಲೆ ನಲವತ್ತು ದಿನ ಅಜ್ಜಿಯನ್ನು ಒಲೆಯ ಮುಂದೆ ಬಗ್ಗಲು ಬಿಡಲಿಲ್ಲ, ತಲೆಗೆ ನೀರು ಹಾಕಲಿಲ್ಲ, ಬಾಣಂತಿಯ ಹಾಗೆ ನೋಡಿಕೊಂಡರು. ಕಣ್ಣಿಗೆ ಕತ್ತಿ ತಾಗಿದೆ ಎಂಬ ಎಚ್ಚರ ಇಡೀ ಮನೆಗಿತ್ತು. ನಿಮ್ಮದು ಪೊರೆಯಲ್ಲ, ನಲವತ್ತು ದಿನದ ಪಥ್ಯವೂ ಬೇಡ. ಆ ಎಚ್ಚರದ ಕಾಲುಭಾಗವಾದರೂ ಬೇಕು. ಮೊದಲ ದಿನಗಳು ಕಳೆದ ಮೇಲೆ ನೋವಿಲ್ಲ, ಪಟ್ಟಿಯಿಲ್ಲವಾದ್ದರಿಂದ ಮನೆಯವರಿಗೆ ಇದು ಆಪರೇಷನ್ ಎನ್ನುವುದೇ ಮರೆತುಹೋಗುತ್ತದೆ. ನೆನಪಿಸುವ ಕೆಲಸ ನಿಮ್ಮದು.

ಏನೇನು ಎಚ್ಚರ? ಎಲ್ಲಕ್ಕಿಂತ ಮೊದಲು, ಕಣ್ಣು ಉಜ್ಜಬೇಡಿ. ಲ್ಯಾಸಿಕ್‌ನಲ್ಲಿ ಮುಚ್ಚಿದ ಹಾಳೆ ಮೊದಲ ದಿನಗಳಲ್ಲಿ ಒಂದು ಉಜ್ಜಿಗೆ ಜಾರಬಹುದು. ವರ್ಷಗಳು ಕಳೆದರೂ ಅದು ಮೊದಲಿನಷ್ಟು ಗಟ್ಟಿಯಾಗಿ ಬೆಸೆದುಕೊಳ್ಳುವುದಿಲ್ಲ. ಎಚ್ಚರವಿದ್ದಾಗ ಕೈ ತಡೆಯಬಹುದು, ನಿದ್ದೆಯಲ್ಲಿ ತಡೆಯುವವರಾರು? ಅದಕ್ಕೇ ರಾತ್ರಿ ಕಟ್ಟಿಕೊಳ್ಳಲು ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ ಕೊಡುತ್ತಾರೆ. ನನಗೂ ಕೊಟ್ಟಿದ್ದರು, ಅಮ್ಮ ದಿನಾ ರಾತ್ರಿ ಅದನ್ನು ಸೋಪಿನಲ್ಲಿ ತೊಳೆದು ಒರೆಸಿ, ಬಿಳಿ ಟೇಪಿನ ಎರಡು ತುಂಡು ಮೊದಲೇ ಹರಿದು ಮಂಚದ ಕಾಲಿಗೆ ಅಂಟಿಸಿಟ್ಟುಕೊಂಡು, ಹಣೆಯಿಂದ ಕೆನ್ನೆಗೆ ಓರೆಯಾಗಿ ಹಚ್ಚುತ್ತಿದ್ದರು. ಬೆಳಿಗ್ಗೆ ಹುಬ್ಬಿನ ಕೂದಲು ಕಿತ್ತು ಬರುತ್ತಿತ್ತು. ಆದರೂ ಡಾಕ್ಟರು ಹೇಳಿದ ದಿನದವರೆಗೆ ಒಂದು ರಾತ್ರಿಯನ್ನೂ ತಪ್ಪಿಸಲಿಲ್ಲ.

ಹನಿ ಹಾಕುವ ಮುಂಚೆ ಕೈ ತೊಳೆಯಿರಿ. ಕೆಳರೆಪ್ಪೆ ಎಳೆದು ಒಂದೇ ಹನಿ, ಬಾಟಲಿಯ ತುದಿ ರೆಪ್ಪೆಗೆ ತಾಗದಿರಲಿ. ಒಂದು ಔಷಧಕ್ಕೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಕೊಟ್ಟ ಹನಿಗಳಲ್ಲಿ ಸ್ಟಿರಾಯ್ಡ್ ಹನಿಯೊಂದಿರುತ್ತದೆ, ದಿನಕ್ಕೆ ಇಷ್ಟು ಸಲ ಎಂದು ಶುರುಮಾಡಿ ವಾರ ವಾರ ಇಳಿಸುತ್ತ ಬರುವಂಥದ್ದು. ಅದನ್ನು ನಡುವೆ ಬಿಡುವುದೂ ತಪ್ಪು, ಹಾಯೆನಿಸಿತು ಎಂದು ಮೆಡಿಕಲ್ ಅಂಗಡಿಯಲ್ಲಿ ಮತ್ತೆ ಮತ್ತೆ ಕೊಂಡು ಹಾಕಿಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಕಣ್ಣಿನ ಒತ್ತಡ ಸದ್ದಿಲ್ಲದೆ ಏರಿ ನರಕ್ಕೇ ಪೆಟ್ಟಾಗಬಹುದು.

ಮನೆಯ ಹಿರಿಯರು ಪ್ರೀತಿಯಿಂದ ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಎದೆಹಾಲು, ಪನ್ನೀರು ಎಂದೆಲ್ಲ ತರುತ್ತಾರೆ. ಬೇಡವೆಂದು ಮೃದುವಾಗಿ, ಆದರೆ ಖಂಡಿತವಾಗಿ ಹೇಳಿ. ತೆರೆದ ಗಾಯಕ್ಕೆ ಶುದ್ಧವಲ್ಲದ ಯಾವ ದ್ರವವೂ ಸೋಂಕು ತರಬಲ್ಲದು. ಕಾಡಿಗೆ, ಕಣ್ಣಿನ ಮೇಕಪ್ ಎರಡು ವಾರ ಬೇಡ. ಒಂದು ವಾರ ಸೋಪು ನೀರು ಕಣ್ಣಿಗಿಳಿಯದಂತೆ ಸ್ನಾನ ಮಾಡಿ, ತಲೆಸ್ನಾನವಾದರೆ ಬೇರೆಯವರು ಹಿಂದಕ್ಕೆ ವಾಲಿಸಿ ನೀರು ಹಾಕಲಿ. ಕೆರೆ, ಹೊಳೆ, ಈಜುಕೊಳ ಒಂದು ತಿಂಗಳು ದೂರವಿರಲಿ. ಭತ್ತ ಬಡಿಯುವ ಕಣ, ಅಡಿಕೆ ಸುಲಿಯುವ ಚಪ್ಪರ, ಪಟಾಕಿ ಸಿಡಿಸುವ ಬೀದಿ ಯಾವುದೂ ಆ ತಿಂಗಳು ನಿಮಗಲ್ಲ. ಬೈಕಿನಲ್ಲಿ ಹಿಂದೆ ಕೂರುವುದಾದರೂ ಕಣ್ಣಿಗೆ ಅಡ್ಡ ಗಾಜಿರಲಿ. ಪಿಆರ್‌ಕೆ ಮಾಡಿಸಿಕೊಂಡವರು ತಿಂಗಳುಗಟ್ಟಲೆ ಬಿಸಿಲಿಗೆ ಒಳ್ಳೆಯ ತಂಪು ಕನ್ನಡಕ ಹಾಕಬೇಕು, ಬಿಸಿಲಿನ ಅತಿನೇರಳೆ ಕಿರಣಕ್ಕೆ ಕಾರ್ನಿಯಾ ಮಂಜಾಗುವ ಭಯವಿದೆ. ದೂರದ ಜಿಲ್ಲೆಗಳಿಂದ ಬರುವವರು ಅದೇ ರಾತ್ರಿ ಬಸ್ಸು ಹತ್ತಬೇಡಿ. ಮರುದಿನದ ತಪಾಸಣೆ ತಪ್ಪಿಸುವಂಥದ್ದಲ್ಲ.

ಯಾವಾಗ ಆಸ್ಪತ್ರೆಗೆ ಓಡಬೇಕು ಎಂಬುದನ್ನೂ ಕೇಳಿ. ನೋವು ಇಳಿಯುವ ಬದಲು ಏರುತ್ತಿದ್ದರೆ, ನಿನ್ನೆ ಕಂಡದ್ದು ಇವತ್ತು ಮಂಜಾದರೆ, ಕೀವು ಬಂದರೆ, ಕೆಂಪು ಹೆಚ್ಚಿದರೆ, ಮಗುವಿನ ಉಗುರೋ ಚೆಂಡೋ ಕಣ್ಣಿಗೆ ತಾಗಿದರೆ, ಭಾನುವಾರ ಎನ್ನದೆ, ರಾತ್ರಿ ಎನ್ನದೆ ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ.

ನನಗೀಗ ನಲವತ್ತು ದಾಟಿದೆ. ಹಿಂದಿನ ಬೆಂಚಿನಿಂದ ಹಲಗೆ ಇವತ್ತಿಗೂ ನಿಚ್ಚಳ, ಉತ್ತರಪತ್ರಿಕೆ ಮಾತ್ರ ಕೈ ಚಾಚಿ ಹಿಡಿಯಬೇಕು. ಚಾಳೀಸು ಬಂದಿದೆ. ಲೇಸರ್ ಅದನ್ನು ತಡೆಯುವುದಿಲ್ಲ, ಅದು ಕಣ್ಣಿನೊಳಗಿನ ಮಸೂರಕ್ಕೆ ವಯಸ್ಸಾದದ್ದು. ಮೈನಸ್ ಪವರ್ ಹೆಚ್ಚಿದ್ದವರ ಅಕ್ಷಿಪಟವೂ ಲೇಸರ್‌ನಿಂದ ಬದಲಾಗುವುದಿಲ್ಲ. ಕನ್ನಡಕ ಹೋದರೂ ವರ್ಷಕ್ಕೊಮ್ಮೆ ಹನಿ ಹಾಕಿಸಿಕೊಂಡು ಕಣ್ಣಿನ ಹಿಂಭಾಗ ತೋರಿಸಿ. ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳ ಮಳೆ ಸುರಿದರೆ, ಪರದೆ ಎಳೆದಂತೆ ಕಂಡರೆ ಅವತ್ತೇ ಹೋಗಿ.

ಕೊನೆಯದಾಗಿ ಒಂದು ಕೋರಿಕೆ. ಆಪರೇಷನ್‌ಗೆ ಮುಂಚೆ ನಿಮ್ಮ ಕಾರ್ನಿಯಾದ ದಪ್ಪ, ಬಾಗು, ಪವರ್ ಎಲ್ಲವನ್ನೂ ಅಳೆದು ಬರೆದಿರುತ್ತಾರೆ. ಆ ವರದಿಗಳ ಪ್ರತಿ ಕೇಳಿ ತೆಗೆದುಕೊಳ್ಳಿ. ಮುಂದೆಂದೋ ಪೊರೆ ಬಂದು ಒಳಗೆ ಲೆನ್ಸ್ ಕೂರಿಸುವಾಗ ಅದರ ಪವರ್ ಲೆಕ್ಕ ಹಾಕುವುದು ಕಾರ್ನಿಯಾದ ಬಾಗಿನ ಮೇಲೆ. ಲೇಸರ್ ಆ ಬಾಗನ್ನು ಬದಲಿಸಿರುವುದರಿಂದ ಮಾಮೂಲಿ ಸೂತ್ರ ತಪ್ಪು ಉತ್ತರ ಕೊಡುತ್ತದೆ, ಹಳೆಯ ಅಳತೆ ಇದ್ದರೆ ಡಾಕ್ಟರಿಗೆ ದಾರಿ ಸಿಗುತ್ತದೆ. ತೆಳುವಾದ ಕಾರ್ನಿಯಾದ ಮೇಲೆ ಕಣ್ಣಿನ ಒತ್ತಡವೂ ಇದ್ದುದಕ್ಕಿಂತ ಕಡಿಮೆ ತೋರುತ್ತದೆ, ಆದ್ದರಿಂದ ಯಾವ ಕಣ್ಣಿನ ಡಾಕ್ಟರ ಬಳಿ ಹೋದರೂ ಲೇಸರ್ ಆಗಿದೆ ಎಂದು ಮೊದಲು ಹೇಳಿ. ನನ್ನ ವರದಿಗಳು ಅಮ್ಮನ ಬೀರುವಿನಲ್ಲಿ, ಮನೆಯ ಪತ್ರಗಳ ಜೊತೆ ಹಳದಿ ಲಕೋಟೆಯಲ್ಲಿವೆ. ನಿಮ್ಮವನ್ನೂ ಅಂಥದೇ ಜಾಗದಲ್ಲಿ ಇಡಿ. ಎಲ್ಲಿಟ್ಟಿದ್ದೀರೆಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ.

ಇಂತಿ ನಿಮ್ಮ ಹಿತ ಬಯಸುವ,
ಒಬ್ಬ ಗಣಿತ ಶಿಕ್ಷಕಿ
ಶಿವಮೊಗ್ಗ